ಅದೇ ಮೂವತ್ತು ಮನೆ, ಪ್ರತಿ ವಾರ: ಡೆಂಗಿ ಕಾಲದಲ್ಲಿ ವಿದ್ಯಾರ್ಥಿಗಳ ಸೇವೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಸ್ವಯಂಸೇವಕಿಯೂ ಹೌದು. ಈ ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಡೆಂಗಿ ಹೆಚ್ಚಾಗಿದೆ. ಕಾಲೇಜಿನಿಂದ ಜಾಥಾ ಮಾಡಿ, ಕರಪತ್ರ ಹಂಚಿ, ಫೋಟೊ ತೆಗೆಸಿಕೊಂಡು ಬಂದೆವು. ಇದರಿಂದ ಯಾರಿಗಾದರೂ ಪ್ರಯೋಜನವಾಯಿತೇ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ. ವೈದ್ಯಕೀಯ ಓದದ ನಮ್ಮಂಥವರು ಇಂಥ ಸಮಯದಲ್ಲಿ ನಿಜವಾಗಿ ಮಾಡಬಹುದಾದ ಕೆಲಸ ಯಾವುದು, ಮಾಡಬಾರದ್ದು ಯಾವುದು? ಮನೆಮನೆಗೆ ಹೋದರೆ ನನಗೂ ಜ್ವರ ಅಂಟೀತೆಂದು ಅಮ್ಮ ಹೆದರುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದು. ಅದನ್ನು ನಿಮ್ಮ ಕಾರ್ಯಕ್ರಮಾಧಿಕಾರಿಗಳ ಮುಂದೆ ಹೇಳಲು ಹಿಂಜರಿಯಬೇಡಿ. ಜಾಥಾದಿಂದ ಏನೂ ಆಗುವುದಿಲ್ಲವೆಂದು ನಾನು ಹೇಳಲಾರೆ. ಊರಿನಲ್ಲಿ ರೋಗವಿದೆ ಎಂಬ ಸುದ್ದಿಯನ್ನಾದರೂ ಅದು ಮುಟ್ಟಿಸುತ್ತದೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯೊಡೆದು, ಲಾರ್ವಾ (ನೀರಿನಲ್ಲಿರುವ ಮರಿಹುಳು) ಆಗಿ, ಕೋಶವಾಗಿ, ರೆಕ್ಕೆ ಬಲಿತು ಹಾರಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಜಾಥಾ ನೋಡಿದ ದಿನ ಮನೆಯವರು ತೊಟ್ಟಿ ತೊಳೆದರೂ, ಮುಂದಿನ ವಾರ ಮರೆತರೆ, ಅದರ ಮುಂದಿನ ವಾರ ಆ ಮನೆಯಿಂದ ಹೊಸ ಸೊಳ್ಳೆಗಳು ಹೊರಡುತ್ತವೆ. ಹೀಗಾಗಿ ಒಂದೇ ದಿನದಲ್ಲಿ ಮಾಡಿ ಮುಗಿಸುವ ಯಾವ ಕಾರ್ಯಕ್ರಮವೂ ಈ ರೋಗದ ಬೆನ್ನು ಹತ್ತಲಾರದು. ಸಮುದಾಯ ವೈದ್ಯಶಾಸ್ತ್ರವನ್ನು ಪಾಠ ಹೇಳುತ್ತ, ವಿದ್ಯಾರ್ಥಿಗಳ ಜೊತೆ ಓಣಿ ಓಣಿ ಸುತ್ತಿದ ವರ್ಷಗಳಲ್ಲಿ ನನಗೆ ಮನವರಿಕೆಯಾದ ಸಂಗತಿ ಒಂದೇ: ವಿದ್ಯಾರ್ಥಿಗಳು ಕೊಡಬಹುದಾದ, ಬೇರೆ ಯಾರೂ ಸುಲಭವಾಗಿ ಕೊಡಲಾಗದ ಸೇವೆಯೆಂದರೆ, ಅದೇ ಮನೆಗಳಿಗೆ ವಾರ ತಪ್ಪದೆ ಮರಳಿ ಹೋಗುವುದು.

ಬೇರೆಯವರಿಗೆ ಏಕೆ ಕಷ್ಟವೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಗ್ರಾಮೀಣ ಭಾಗದಲ್ಲಿ ಸುಮಾರು 1,000 ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ, ಅಂದರೆ ಹೆಚ್ಚುಕಡಿಮೆ ಇನ್ನೂರು ಮನೆ. ಗರ್ಭಿಣಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ, ಕ್ಷಯರೋಗಿಗಳ ಮಾತ್ರೆ ಎಲ್ಲವೂ ಅವರ ಹೆಗಲ ಮೇಲಿರುವಾಗ, ಪ್ರತಿ ವಾರ ಇನ್ನೂರು ಮನೆಯ ಡ್ರಮ್ಮುಗಳಲ್ಲಿ ಟಾರ್ಚು ಬಿಟ್ಟು ನೋಡಬೇಕೆಂದರೆ ಅದು ಒಬ್ಬರಿಂದ ಆಗುವ ಮಾತಲ್ಲ. ಒಂದು ಎನ್‌ಎಸ್‌ಎಸ್ ಘಟಕದಲ್ಲಿ ಸಾಮಾನ್ಯವಾಗಿ 100 ಸ್ವಯಂಸೇವಕರಿರುತ್ತೀರಿ. ಇಬ್ಬಿಬ್ಬರ ಜೋಡಿಯಾದರೆ 50 ಜೋಡಿ. ಒಂದು ಜೋಡಿಗೆ 30 ಮನೆಯಾದರೆ 1,500 ಮನೆ. ಮನೆಗೆ ಆರು ನಿಮಿಷ ಹಿಡಿದರೂ ಒಂದು ಜೋಡಿಯ ಕೆಲಸ ಮೂರು ಗಂಟೆಯಲ್ಲಿ ಮುಗಿಯುತ್ತದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಸಲ್ಲಿಸಬೇಕೆಂದು ಎನ್‌ಎಸ್‌ಎಸ್ ನಿಮ್ಮಿಂದ ಹೇಗೂ ಕೇಳುತ್ತದೆ. ಮಳೆಗಾಲದ ಹದಿನೈದು ವಾರಗಳನ್ನು ಈ ಕೆಲಸಕ್ಕೆ ಕೊಟ್ಟರೂ ಆಗುವುದು 45 ಗಂಟೆ; ಆ ವರ್ಷದ 120 ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದೇ ಇರುತ್ತವೆ.

ಸರಳ ಕೆಲಸವನ್ನು ಪಾಳಿ ತಪ್ಪದೆ ಮಾಡಿದ ವಿದ್ಯಾರ್ಥಿಗಳು ಎಷ್ಟು ದೊಡ್ಡ ಬದಲಾವಣೆ ತರಬಲ್ಲರು ಎಂಬುದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ನಾನು ಬಹಳ ಗೌರವದಿಂದ ನೆನೆಯುವ ಒಂದು ಘಟನೆಯಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಉಸಿರಾಟದ ಸ್ನಾಯುಗಳಿಗೆ ಪಾರ್ಶ್ವವಾಯು ಬಡಿದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಉಸಿರಾಡಿಸುವ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು, ರೋಗಿಯ ಗಂಟಲಿನಲ್ಲಿ ರಂಧ್ರ ಮಾಡಿ ಕೊಳವೆಯಿಟ್ಟು, ರಬ್ಬರ್ ಚೀಲವೊಂದನ್ನು ಕೈಯಿಂದ ಒತ್ತುತ್ತ ಉಸಿರು ತುಂಬುವ ವಿಧಾನವನ್ನು ತೋರಿಸಿಕೊಟ್ಟರು. ಆದರೆ ಆ ಚೀಲವನ್ನು ಹಗಲೂ ರಾತ್ರಿಯೂ, ದಿನಗಟ್ಟಲೆ, ವಾರಗಟ್ಟಲೆ ಒತ್ತುವವರು ಯಾರು? ಸುಮಾರು 1,500 ವೈದ್ಯ ಮತ್ತು ದಂತವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಾಸಿಗೆಯ ಪಕ್ಕ ಕುಳಿತರು. ಇಂದಿನ ತೀವ್ರ ನಿಗಾ ಘಟಕಗಳ ಮೂಲವನ್ನು ಅಲ್ಲಿ ಗುರುತಿಸುತ್ತಾರೆ. ಚೀಲ ಒತ್ತುವುದಕ್ಕೆ ಪಾಂಡಿತ್ಯ ಬೇಕಿರಲಿಲ್ಲ. ತನ್ನ ಪಾಳಿಗೆ ಹೊತ್ತಿಗೆ ಸರಿಯಾಗಿ ಬರುವವರು ಬೇಕಿತ್ತು, ತಜ್ಞರೊಬ್ಬರು ಪಕ್ಕದಲ್ಲಿರಬೇಕಿತ್ತು. ನಿಮ್ಮ ಊರಿನ ಡೆಂಗಿಗೂ ಬೇಕಾದದ್ದು ಈ ಎರಡೇ.

ಆ ತಜ್ಞರು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲೋ ಇದ್ದಾರೆ. ಮೊದಲು ಅವರನ್ನು ಕಾಣಿ. ನಿಮಗೆ ಅನುಕೂಲವಾದ ಓಣಿಯನ್ನು ನೀವೇ ಆರಿಸಿಕೊಳ್ಳದೆ, ಜ್ವರದ ಪ್ರಕರಣಗಳು ಎಲ್ಲಿ ಹೆಚ್ಚು, ಆಶಾ ಕಾರ್ಯಕರ್ತೆಯರಿಗೆ ಎಲ್ಲಿ ಕೈ ಸಾಲುತ್ತಿಲ್ಲ ಎಂದು ಕೇಳಿ ಆ ಓಣಿಯನ್ನು ವಹಿಸಿಕೊಳ್ಳಿ. ಅರ್ಧ ದಿನದ ತರಬೇತಿ ಕೇಳಿ ಪಡೆಯಿರಿ. ಅದರಲ್ಲಿ ಭಾಷಣಕ್ಕಿಂತ ಕಣ್ಣಿಗೆ ಅಭ್ಯಾಸ ಮುಖ್ಯ. ಬಿಳಿ ತಟ್ಟೆಯಲ್ಲಿ ನೀರು ತೆಗೆದುಕೊಂಡು ಲಾರ್ವಾವನ್ನು ಗುರುತಿಸುವುದು, ಮಲೇರಿಯಾ ಹರಡುವ ಅನಾಫಿಲಿಸ್ ಲಾರ್ವಾ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದರೆ ಈಡಿಸ್ ಲಾರ್ವಾ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ ಎಂಬುದನ್ನು ಕಣ್ಣಾರೆ ನೋಡುವುದು, ಬೆಳಕು ಬಿದ್ದೊಡನೆ ಅದು ತಳಕ್ಕಿಳಿಯುವುದರಿಂದ ಒಂದು ನಿಮಿಷ ಕಾಯಬೇಕೆಂದು ಕಲಿಯುವುದು. ಬಿ.ಎಸ್ಸಿ. ವಿದ್ಯಾರ್ಥಿನಿಯಾದ ನಿಮಗೆ ಇದು ಒಂದೇ ಮಧ್ಯಾಹ್ನದಲ್ಲಿ ಕೈವಶವಾಗುತ್ತದೆ.

ಎಲ್ಲಿ ಹುಡುಕಬೇಕೆಂಬುದು ಸೀಮೆಯಿಂದ ಸೀಮೆಗೆ ಬೇರೆ. ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ನೀರಿಗಿಂತ ಮನೆಯೊಳಗಿನ, ಮನೆಯ ಸುತ್ತಲಿನ ನಿಂತ ತಿಳಿನೀರೇ ಇಷ್ಟ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಹಾಲು ಹಿಡಿಯುವ ಚಿಪ್ಪು, ಮಲೆನಾಡಿನಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಎಲ್ಲ ಕಡೆಯೂ ಹಳೆಯ ಟೈರು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಬಳಸದೆ ಹೊರಗಿಟ್ಟ ಒರಳು. ಆದರೆ ನಿಮ್ಮ ಬಯಲುಸೀಮೆಯ ಊರುಗಳಲ್ಲಿ ಮುಖ್ಯ ತಾಣವೆಂದರೆ ನೀರು ತುಂಬಿಟ್ಟ ಡ್ರಮ್ಮು, ಸಿಮೆಂಟ್ ತೊಟ್ಟಿ ಮತ್ತು ಸರಿಯಾಗಿ ಮುಚ್ಚಿರದ ಸಂಪು. ಇಲ್ಲಿಯೇ ವಿದ್ಯಾರ್ಥಿಗಳು, ಎಷ್ಟೋ ಸಲ ಅಧಿಕಾರಿಗಳು ಕೂಡ, ಎಡವುವುದನ್ನು ಕಂಡಿದ್ದೇನೆ. ನಲ್ಲಿಯಲ್ಲಿ ವಾರಕ್ಕೊಮ್ಮೆ, ಕೆಲವು ಸಲ ಅದಕ್ಕಿಂತ ತಡವಾಗಿ ನೀರು ಬರುವ ಮನೆಗೆ ಹೋಗಿ, "ವಾರಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ" ಎಂದು ಹೇಳಿದರೆ ಆ ಮನೆಯ ತಾಯಿ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವಳದು ಅಜ್ಞಾನವಲ್ಲ. ಚೆಲ್ಲಿದರೆ ನಾಳೆ ಮಕ್ಕಳಿಗೆ ಏನು ಎಂಬ ಲೆಕ್ಕ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಏನು ಹೇಳಬೇಕು? ನಿಮ್ಮ ಭೇಟಿಯ ದಿನವನ್ನು ಕಾಲೇಜಿನ ವೇಳಾಪಟ್ಟಿಗಿಂತ ಮೊದಲು ಆ ಓಣಿಯ ನೀರಿನ ಸರದಿಗೆ ಹೊಂದಿಸಿಕೊಳ್ಳಿ. ನೀರು ಬರುವ ಹಿಂದಿನ ದಿನ ಡ್ರಮ್ಮುಗಳು ತಳ ಕಂಡಿರುತ್ತವೆ. ಉಳಿದ ಕೊಡ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಬೇರೆಡೆಗೆ ತೆಗೆದು, ಡ್ರಮ್ಮಿನ ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಮತ್ತೆ ತುಂಬಿಸಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಉಜ್ಜುವುದು ಏಕೆಂದರೆ, ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟುವಂತೆ. ನೀರು ಚೆಲ್ಲಿದ ಮಾತ್ರಕ್ಕೆ ಮೊಟ್ಟೆ ಹೋಗುವುದಿಲ್ಲ. ಎಲ್ಲ ಡ್ರಮ್ಮುಗಳಿಂದ ಸ್ವಲ್ಪ ಸ್ವಲ್ಪ ನೀರು ತೆಗೆಯುವ ಬದಲು ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವಂತೆ ಹೇಳಿ. ಮುಚ್ಚಳವಿಲ್ಲದ ಡ್ರಮ್ಮಿಗೆ ಹಳೆಯ ಸೀರೆಯ ಬಟ್ಟೆಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿಕೊಡಿ. ಈ ಕೆಲಸದಲ್ಲಿ ನೀವೂ ಒಂದು ಕೈ ಹಾಕಿದರೆ, ಮುಂದಿನ ವಾರ ಆ ಬಾಗಿಲು ನೀವು ತಟ್ಟುವ ಮೊದಲೇ ತೆರೆಯುತ್ತದೆ.

ಮಾತಿಗಿಂತ ತೋರಿಸುವುದು ಮೇಲು. ಒಮ್ಮೆ ನಮ್ಮ ತಂಡದ ಹುಡುಗಿಯೊಬ್ಬಳು ತೊಟ್ಟಿಯಿಂದ ಎತ್ತಿದ ಲಾರ್ವಾಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ದಟ್ಟ ಬಟ್ಟೆ ಬಿಗಿದು, ಆ ಮನೆಯ ಅಜ್ಜಿಯ ಕೈಯಲ್ಲೇ ಕೊಟ್ಟು ಬಂದಳು. ಮುಂದಿನ ವಾರ ಹೋದಾಗ ಬಾಟಲಿಯೊಳಗೆ ಕಾಲಿನ ಮೇಲೆ ಬಿಳಿ ಪಟ್ಟೆಯ ಸೊಳ್ಳೆಗಳಿದ್ದವು. "ಇವು ನೀರಾಗಿನ ಹುಳ ಅಂತ ಸುಮ್ನ ಬಿಟ್ಟಿದ್ವಿ ನೋಡವ್ವಾ" ಎಂದ ಆ ಅಜ್ಜಿ, ಅಂದಿನಿಂದ ಓಣಿಯ ಉಳಿದ ಮನೆಗಳ ತೊಟ್ಟಿಗಳನ್ನೂ ತಾನೇ ಇಣುಕತೊಡಗಿದರು. ಬಾಟಲಿಯನ್ನು ಮರಳಿ ಪಡೆದು, ಸೊಳ್ಳೆಗಳನ್ನು ಕೊಂದೇ ತೆರೆಯಬೇಕು ಎಂಬ ಎಚ್ಚರವಿದ್ದರೆ ಈ ಪ್ರಯೋಗವನ್ನು ನೀವೂ ಮಾಡಬಹುದು.

ಕಂಡದ್ದನ್ನು ಬರೆದಿಡುವುದು ಅಷ್ಟೇ ಮುಖ್ಯ, ಮತ್ತು ಬರೆದದ್ದು ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಲುಪುವುದು ಇನ್ನೂ ಮುಖ್ಯ. ವೃತ್ತಿಯ ಆರಂಭದ ದಿನಗಳಲ್ಲಿ ನಾನು ವಿದ್ಯಾರ್ಥಿಗಳಿಂದ ನೂರಾರು ಮನೆಗಳ ಸಮೀಕ್ಷೆ ಮಾಡಿಸಿ, ಪುಟಗಟ್ಟಲೆ ನಮೂನೆ ತುಂಬಿಸಿದ್ದೆ. ವರದಿ ಚೆನ್ನಾಗಿ ಬರಲೆಂದು ಕಾಯುತ್ತ ಕುಳಿತೆ. ಅವು ಬೀರುವಿನಲ್ಲಿದ್ದಾಗಲೇ ಆ ಓಣಿಯಲ್ಲಿ ಜ್ವರ ಹಬ್ಬಿ ಇಳಿದೂ ಹೋಯಿತು. ಆ ತಪ್ಪಿನ ನೋವು ಇಂದಿಗೂ ಇದೆ. ನಿಮಗೆ ಬೇಕಾದದ್ದು ಒಂದು ಗೆರೆ ಹಾಕಿದ ನೋಟ್‌ಬುಕ್ ಮಾತ್ರ: ಮನೆ ಸಂಖ್ಯೆ, ನೋಡಿದ ನೀರಿನ ಪಾತ್ರೆಗಳು, ಲಾರ್ವಾ ಸಿಕ್ಕ ಪಾತ್ರೆಗಳು, ಅವು ಯಾವ ಬಗೆಯವು. ಇಷ್ಟರಿಂದ ಎರಡು ಸೂಚ್ಯಂಕಗಳು ಸಿಗುತ್ತವೆ. ನಾಲ್ಕು ಜೋಡಿ ಸೇರಿ 120 ಮನೆ ನೋಡಿ, 18 ಮನೆಗಳಲ್ಲಿ ಒಟ್ಟು 27 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು ಎನ್ನೋಣ. ನೂರು ಮನೆಗೆ ಎಷ್ಟು ಮನೆಯಲ್ಲಿ ಲಾರ್ವಾ ಎಂಬುದು ಮನೆ ಸೂಚ್ಯಂಕ, ಇಲ್ಲಿ 15. ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಲಾರ್ವಾ ಎಂಬುದು ಬ್ರೆಟೊ ಸೂಚ್ಯಂಕ, ಇಲ್ಲಿ 22.5. ಅದೇ ಮನೆಗಳನ್ನು ಪ್ರತಿ ವಾರ ನೋಡುವುದರಿಂದ ಈ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ನಿಮಗೇ ಕಾಣುತ್ತದೆ. "ಯಾರಿಗಾದರೂ ಪ್ರಯೋಜನವಾಯಿತೇ" ಎಂಬ ನಿಮ್ಮ ಪ್ರಶ್ನೆಗೆ ಫೋಟೊ ಕೊಡಲಾಗದ ಉತ್ತರವನ್ನು ಈ ನೋಟ್‌ಬುಕ್ ಕೊಡುತ್ತದೆ. ಇಳಿಯದಿದ್ದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಬೀಗ ಹಾಕಿದ ಮನೆಗಳನ್ನು "ಲಾರ್ವಾ ಇಲ್ಲ" ಎಂದು ತುಂಬಿಸುವುದು ಆ ಓಣಿಯ ಮಕ್ಕಳಿಗೆ ಮಾಡುವ ಅನ್ಯಾಯ.

ಇನ್ನು ಮಾಡಬಾರದ್ದು. ರಕ್ತ ತೆಗೆಯುವುದು, ಮಾತ್ರೆ ಹಂಚುವುದು, "ಇದು ಡೆಂಗಿಯೇ" ಅಥವಾ "ಇದು ಡೆಂಗಿಯಲ್ಲ" ಎನ್ನುವುದು ನಿಮ್ಮ ಕೆಲಸವಲ್ಲ. ಲಾರ್ವಾನಾಶಕ ದ್ರಾವಣವನ್ನು ನೀರಿಗೆ ಹಾಕುವುದನ್ನೂ ಅಳತೆ ಬಲ್ಲ ಆರೋಗ್ಯ ಸಿಬ್ಬಂದಿಗೆ ಬಿಡಿ. ಜ್ವರ ಬಂದವರಿದ್ದರೆ ನೀವು ಹೇಳಬೇಕಾದ ಮಾತುಗಳು ಕೆಲವೇ, ಆದರೆ ಜೀವ ಉಳಿಸುವಂಥವು. ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೀರು, ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಧಾರಾಳವಾಗಿ ಕುಡಿಯಬೇಕು. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ನುಂಗಬಾರದು, ಏಕೆಂದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಡೆಂಗಿಯಲ್ಲಿ ಅಪಾಯದ ಹೊತ್ತು ಶುರುವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವಾಗ, ಮೂರನೆಯ ದಿನದಿಂದ ಏಳನೆಯ ದಿನದೊಳಗೆ. "ಜ್ವರ ಬಿಟ್ಟಿತು" ಎಂದು ಮನೆಯವರು ನೆಮ್ಮದಿಯಾಗುವ ಆ ಹೊತ್ತಿನಲ್ಲೇ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು, ತಳಮಳ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ಒಂದು ವಾಕ್ಯವನ್ನು ನಿಮ್ಮ ಮೂವತ್ತು ಮನೆಗಳ ದೊಡ್ಡವರೆಲ್ಲ ನಿಮಗೆ ತಿರುಗಿ ಹೇಳುವಂತಾದರೆ ಸಾಕು. ಪಪ್ಪಾಯಿ ಎಲೆಯ ರಸದ ಬಗ್ಗೆ ಕೇಳಿಯೇ ಕೇಳುತ್ತಾರೆ. ವಾದಕ್ಕಿಳಿಯಬೇಡಿ, ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದೆಂದಷ್ಟೇ ಹೇಳಿ.

ಜನರ ವಿಶ್ವಾಸದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾದದ್ದು ನಿಮಗೆ ನೆನಪಿರಬಹುದು. ಹಲ್ಲೆಗೆ ಸಮರ್ಥನೆಯಿಲ್ಲ, ಆದರೆ ಕೈಯಲ್ಲಿ ಪಟ್ಟಿ ಹಿಡಿದು ಬಂದವರನ್ನು ಕಂಡರೆ ಆ ಪಟ್ಟಿ ಎಲ್ಲಿಗೆ ಹೋಗುತ್ತದೆಂಬ ಭಯ ಎಲ್ಲ ಓಣಿಗಳಲ್ಲೂ ಇರುತ್ತದೆ. ಕೋವಿಡ್ ರೋಗಿಗಳ ಮನೆಯ ಮುಂದೆ ಭಿತ್ತಿಪತ್ರ ಅಂಟಿಸುವ ರೂಢಿಯ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ನಿರ್ದೇಶನವಿಲ್ಲದೆ ಹಾಗೆ ಅಂಟಿಸಬಾರದೆಂದು 2020ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಹೇಳಬೇಕಾಯಿತು. ನಿಮ್ಮ ನೋಟ್‌ಬುಕ್ಕಿನಲ್ಲಿ ಜ್ವರ ಬಂದವರ ಹೆಸರಿರಲೇಬಾರದು. ಆ ಮಾಹಿತಿ ನೇರವಾಗಿ ಆಶಾ ಕಾರ್ಯಕರ್ತೆಗೆ ಹೋಗಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರ ಮನೆಯ ಡ್ರಮ್ಮಿನ ಫೋಟೊವೂ ಬೇಡ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಡುವ ಮನೆಗಳಿಗೂ ದಂಡ ವಿಧಿಸಬಹುದೆಂದು ನಿಯಮ ತಂದಿತು. ಆ ಅಧಿಕಾರ ಇರುವವರು ಅದನ್ನು ನೋಡಿಕೊಳ್ಳಲಿ. ನೀವು ಮಾತ್ರ ದಂಡದ ಹೆಸರೆತ್ತಬೇಡಿ. ಒಂದು ಸಲ ಹೆದರಿಸಿದ ಮನೆ ಮುಂದೆ ನಿಮಗೆ ತೊಟ್ಟಿ ತೋರಿಸುವುದಿಲ್ಲ.

ನಿಮ್ಮ ತಾಯಿಯವರ ಭಯಕ್ಕೆ ಬರೋಣ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವು ರೋಗ ಹರಡುವ ದಾರಿಯನ್ನು ಅವಲಂಬಿಸಿದೆ. ಕೋವಿಡ್‌ನಂತೆ ಉಸಿರಿನಿಂದ ಹರಡುವ ರೋಗವಾಗಿದ್ದರೆ, ಮನೆಮನೆ ಭೇಟಿಯ ಬದಲು ದೂರವಾಣಿಯಲ್ಲಿ ವಿಚಾರಿಸುವ, ಔಷಧ-ದಿನಸಿಯನ್ನು ಬಾಗಿಲಿಗೆ ಮುಟ್ಟಿಸುವ ಕೆಲಸವನ್ನೇ ನಾನು ಹೇಳುತ್ತಿದ್ದೆ. 2021ರ ಮೇ ತಿಂಗಳಲ್ಲಿ ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಕೇಂದ್ರ ಸರ್ಕಾರ ಬಳಸಿಕೊಳ್ಳಲು ಮುಂದಾದಾಗಲೂ, ಬೋಧಕರ ಉಸ್ತುವಾರಿಯಲ್ಲಿ ದೂರವಾಣಿ ಸಮಾಲೋಚನೆ ಮತ್ತು ಲಘು ಲಕ್ಷಣದ ರೋಗಿಗಳ ನಿಗಾ ಎಂದೇ ಅವರ ಕೆಲಸವನ್ನು ಗುರುತಿಸಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯಾಗಿದ್ದರೆ, ಅದು ಉಣ್ಣೆಗಳಿಂದ ಬರುವುದರಿಂದ, ವಿದ್ಯಾರ್ಥಿಗಳು ಕಾಡಂಚಿಗೆ ಹೋಗಲೇಬಾರದೆಂದು ಹೇಳುತ್ತಿದ್ದೆ. ಡೆಂಗಿ ಹಾಗಲ್ಲ. ರೋಗಿಯ ಪಕ್ಕ ಕುಳಿತರೆ, ಅವರ ಲೋಟ ಮುಟ್ಟಿದರೆ ಅದು ಬರುವುದಿಲ್ಲ. ಸೋಂಕಿತ ಸೊಳ್ಳೆ ಕಚ್ಚಬೇಕು. ಆ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್‌ಗಿಂತ ದೂರ ಹಾರುವುದು ಅಪರೂಪ. ಹಾಗಾಗಿ ಮನೆಯಲ್ಲೇ ಕುಳಿತರೂ ನಿಮ್ಮ ಓಣಿಯ ಸೊಳ್ಳೆಯಿಂದ ನಿಮಗೆ ರಕ್ಷಣೆಯಿಲ್ಲ. ಮೊದಲ ವಾರ ನಿಮ್ಮ ಮನೆಯ ತೊಟ್ಟಿಯನ್ನೇ ಅಮ್ಮನ ಜೊತೆ ಟಾರ್ಚು ಹಿಡಿದು ನೋಡಿ. ನೂರು ಮಾತಿಗಿಂತ ಅದು ಅವರಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಹಾಗೆಂದು ಅಪಾಯವೇ ಇಲ್ಲವೆಂದು ಅವರಿಗೆ ಹೇಳಬೇಡಿ, ಅದು ಸುಳ್ಳಾಗುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆ ಮುಳುಗುವ ಮುನ್ನ. ತುಂಬು ತೋಳಿನ ಬಟ್ಟೆ, ಮುಚ್ಚಿದ ಬೂಟು, ಕೈಕಾಲಿಗೆ ಸೊಳ್ಳೆ ನಿವಾರಕ ಲೇಪನ ಕಡ್ಡಾಯ. ಭೇಟಿಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗಿನ ಹೊತ್ತು ಒಳ್ಳೆಯದು. ಹಿಂದೊಮ್ಮೆ ಡೆಂಗಿ ಬಂದಿದ್ದವರನ್ನು ಕಚೇರಿಯ ಲೆಕ್ಕ ಜೋಡಿಸುವ ಕೆಲಸಕ್ಕೆ ಇಟ್ಟುಕೊಳ್ಳಿ; ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆಗಳಿದ್ದು, ಬೇರೊಂದು ಬಗೆಯಿಂದ ಎರಡನೆಯ ಸಲ ಸೋಂಕು ತಗುಲಿದಾಗ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ನಿಮ್ಮ ತಾಯಿಯವರು ಕಾಲೇಜನ್ನು ಕೇಳಬಹುದಾದ, ಕೇಳಲೇಬೇಕಾದ ಸಂಗತಿಗಳೂ ಇವೆ: ಹುಡುಗಿಯರು ಒಂಟಿಯಾಗಿ ಯಾವ ಮನೆಯೊಳಗೂ ಹೋಗುವುದಿಲ್ಲವೇ, ಓಣಿಯಲ್ಲಿ ಅಧ್ಯಾಪಕರೊಬ್ಬರು ಇರುತ್ತಾರೆಯೇ, ಗುರುತಿನ ಚೀಟಿ ಮತ್ತು ಆರೋಗ್ಯ ಇಲಾಖೆಯ ಪತ್ರ ಕೈಯಲ್ಲಿದೆಯೇ, ಮಗಳಿಗೆ ಜ್ವರ ಬಂದರೆ ಚಿಕಿತ್ಸೆಗೆ ಯಾರು ಹೊಣೆ. ಇವಕ್ಕೆ ಕಾಲೇಜು ಬರವಣಿಗೆಯಲ್ಲಿ ಉತ್ತರ ಕೊಡದಿದ್ದರೆ ಹೋಗುವುದು ಬೇಡ ಎನ್ನುವ ಹಕ್ಕು ಅವರಿಗೂ ನಿಮಗೂ ಇದೆ. ಬಲವಂತದಿಂದಲೋ, ಅಂಕ ಕಡಿತದ ಹೆದರಿಕೆಯಿಂದಲೋ ಕಳಿಸಿದ್ದು ಸೇವೆಯಾಗುವುದಿಲ್ಲ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಎನ್‌ಎಸ್‌ಎಸ್‌ಗೆ ಚಾಲನೆ ಕೊಟ್ಟವರು ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ, ಬಳ್ಳಾರಿಯ ಸಂಸದರೂ ಆಗಿದ್ದ ಡಾ. ವಿ.ಕೆ.ಆರ್.ವಿ. ರಾವ್, ಅದರ ಧ್ಯೇಯವಾಕ್ಯ "ನನಗಲ್ಲ, ನಿನಗೆ". ಆ ಮಾತನ್ನು ಹೇಳಬೇಕಾದವರು ಸೇವೆಗೆ ಹೊರಟವರೇ ಹೊರತು ಅವರನ್ನು ಕಳಿಸುವವರಲ್ಲ.

ಕೊನೆಯದಾಗಿ ನೀವು ಕೇಳದ ಒಂದು ವಿಷಯ. ಮಳೆ ನಿಂತು ಪರೀಕ್ಷೆ ಬಂದಾಗ ನಿಮ್ಮ ಭೇಟಿಗಳು ನಿಲ್ಲುತ್ತವೆ, ಪ್ರಕರಣಗಳೂ ಇಳಿದಿರುತ್ತವೆ. ಆದರೆ ಈಡಿಸ್ ಮೊಟ್ಟೆಗಳು ಒಣಗಿದ ಪಾತ್ರೆಯ ಗೋಡೆಗಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮುಂಗಾರಿಗೆ ಮುಂಚಿನ ಮೊದಲ ಮಳೆಯ ನೀರು ತಾಗಿದಾಗ ಒಡೆಯುತ್ತವೆ. ಆ ಹೊತ್ತಿಗೆ ನೀವು ಮೂರನೆಯ ವರ್ಷಕ್ಕೆ ಹೋಗಿರುತ್ತೀರಿ, ಕಾಲೇಜಿಗೆ ರಜೆಯೂ ಇರಬಹುದು. ಆದ್ದರಿಂದ ರಜೆಗೆ ಮೊದಲೇ ಮೊದಲನೆಯ ವರ್ಷದ ಇಬ್ಬರನ್ನು ನಿಮ್ಮ ಓಣಿಗೆ ಕರೆದೊಯ್ದು ಮೂವತ್ತು ಮನೆಯವರಿಗೂ ಪರಿಚಯ ಮಾಡಿಸಿ, ನೋಟ್‌ಬುಕ್ಕನ್ನು ಅವರ ಕೈಗೆ ಕೊಡಿ, ಅದರ ಒಂದು ಪ್ರತಿ ಆರೋಗ್ಯ ಕೇಂದ್ರದಲ್ಲಿರಲಿ. ಯಾವ ಮನೆಯ ಯಾವ ತೊಟ್ಟಿಯಲ್ಲಿ ಮತ್ತೆ ಮತ್ತೆ ಲಾರ್ವಾ ಸಿಗುತ್ತಿತ್ತೆಂಬುದು ಅದರಲ್ಲಿ ಇರುವುದರಿಂದ, ಮೇ ತಿಂಗಳಲ್ಲಿ ಬ್ರಷ್ಷು ಹಿಡಿದು ಹೊರಡುವವರು ಮೊದಲು ಯಾವ ಬಾಗಿಲು ತಟ್ಟಬೇಕೆಂದು ಹುಡುಕಬೇಕಾಗುವುದಿಲ್ಲ.